ಈ ಸಲ ನೆಲ ನಿಜವಾಗಿಯೂ ಡೊಂಕಾಗಿತ್ತು: ಎಡಕ್ಕೆ ಹೋಗುವ ಬಾಣಗಳ ಪ್ರಕರಣ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ಜುಲೈ ತಿಂಗಳೊಂದರಲ್ಲೇ ನನ್ನ ತಂಗಿಯ ಮಗಳಿಗೆ ನಾಲ್ಕು ಸಲವಾದರೂ ಹೇಳಿರಬೇಕು. ಅವಳು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು: "ಮಾವ, ಆ ಹೊಸ ರೆಸ್ಟಲ್ಲಿ ಎಂಥದೋ ಉಂಟು." ರೆಸ್ಟ್ ಅಂದರೆ ಬಿಲ್ಲಿನಲ್ಲಿ ಬಾಣ ಕೂರುವ ಪುಟ್ಟ ಆಧಾರ. ನಾನು ಕೇಳಲಿಲ್ಲ. ಕೊನೆಗೆ ನೋಡಿದರೆ ನೆಲ ನಿಜವಾಗಿಯೂ ಡೊಂಕಾಗಿತ್ತು, ಅದನ್ನು ಡೊಂಕು ಮಾಡಿದವನೂ ನಾನೇ. ಹಾಗಾಗಿ ಏನಾಯಿತು, ಹೇಗೆ ಗೊತ್ತಾಯಿತು, ಯಾವ ಕ್ರಮದಲ್ಲಿ ಸರಿಮಾಡಿದೆವು ಅಂತ ಪೂರ್ತಿ ಬರೆದಿಡುತ್ತಿದ್ದೇನೆ. ರಿಕರ್ವ್, ಅಂದರೆ ತುದಿ ಮುಂದಕ್ಕೆ ಬಾಗಿದ ಬಿಲ್ಲು ಹಿಡಿದು ಆರೋ ರೆಸ್ಟ್ ಬದಲಾಯಿಸಲು ಹೊರಟ ಯಾರಿಗಾದರೂ ಮೂರು ವಾರ ಉಳಿದರೆ ಸಾಕು.

ಮೊದಲು ಜಾಗ ಮತ್ತು ಸಾಮಾನು. ನಮ್ಮದು ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ, ಒಳಗೆ. ಅಡಿಕೆ ಒಣಗಿಸುವ ಅಂಗಳ ಮಳೆಗಾಲದಲ್ಲಿ ಖಾಲಿ ಇರುತ್ತದೆ. ಅದರ ತೆಂಕು ತುದಿಯಲ್ಲಿ ನಿಂತರೆ, ಎರಡು ತೆಂಗಿನ ಮರ ದಾಟಿ ಬಡಗು ಬದಿಯ ಮುರಕಲ್ಲಿನ ಬರೆಯವರೆಗೆ 32 ಮೀಟರ್ ಸಿಗುತ್ತದೆ. ಬರೆ ಮೂರಾಳು ಎತ್ತರ, ಅದರ ಮೇಲೆ ಗುಡ್ಡೆ, ಆಚೆ ದಾರಿ ಇಲ್ಲ, ಮನೆ ಇಲ್ಲ. ಇಂಥ ಹಿನ್ನೆಲೆ ಇಲ್ಲದಿದ್ದರೆ ಮನೆಯಲ್ಲಿ ಬಾಣ ಬಿಡುವ ಕೆಲಸವೇ ಬೇಡ. ಬರೆಯ ಮುಂದೆ ಕಂಗಿನ ಸಲಾಕೆಯ ಚೌಕಟ್ಟು, ಅದಕ್ಕೆ ಬಿಗಿದು ಕಟ್ಟಿದ ಫೋಮ್ ಶೀಟು, ಹಿಂದೆ ಬೈಹುಲ್ಲಿನ ಕಟ್ಟು. ಸಲಾಕೆಗೆ ಬಡಿದರೆ ಬಾಣ ಹೋಯಿತು ಅಂತಲೇ ಲೆಕ್ಕ.

ಹುಡುಗಿ ಪ್ಲಸ್ ವನ್, ಅಂದರೆ ಹನ್ನೊಂದನೇ ಕ್ಲಾಸು. ಬಲಗೈಯಲ್ಲಿ ಎಳೆಯುತ್ತಾಳೆ. ಬಿಲ್ಲು 66 ಇಂಚಿನದು, ಒಬ್ಬರು ಬಳಸಿ ಬಿಟ್ಟದ್ದು, ಲೋಹದ ರೈಸರ್ (ಕೈಯಲ್ಲಿ ಹಿಡಿಯುವ ನಡುಭಾಗ), ಬಾಣಕ್ಕೆ ಬದಿಯಿಂದ ಆಧಾರ ಕೊಡುವ ಪ್ಲಂಜರ್ ಹಾಕುವ ತೂತು ಇದೆ. ಲಿಂಬಿನ (ಬಿಲ್ಲಿನ ಬಾಗುವ ತೋಳು) ಮೇಲೆ 22 ಪೌಂಡ್ ಅಂತ ಬರೆದಿದೆ. ಆದರೆ ಅದು 28 ಇಂಚು ಎಳೆದಾಗಿನ ಲೆಕ್ಕ, ಇವಳು ಎಳೆಯುವುದು ಇಪ್ಪತ್ತಾರೂವರೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಅವಳು ಎಳೆಯುವಷ್ಟೇ ಎಳೆದು ನೋಡಿದೆ. 8.6 ಕಿಲೋ ತೋರಿಸಿತು, ಅಂದರೆ 19 ಪೌಂಡ್. ಬಾಣ ಕಾರ್ಬನ್, ಸ್ಪೈನ್ (ಬಗ್ಗುವ ಲೆಕ್ಕ) 900, ಗಟ್ಟಿ ಪ್ಲಾಸ್ಟಿಕ್ ಗರಿ, 80 ಗ್ರೇನಿನ, ಅಂದರೆ ಐದು ಗ್ರಾಂ ಚಿಲ್ಲರೆ ತೂಕದ ಮೊನೆ. ಈ 19 ಮತ್ತು 900 ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಪೂರ್ತಿ ಎಳೆದಾಗ ಟಿಕ್ ಅನ್ನುವ ಕ್ಲಿಕರ್ ಇನ್ನೂ ಹಾಕಿಲ್ಲ.

ಬಿಲ್ಲಿನ ಜೊತೆ ಬಂದದ್ದು ಅಂಟಿಸುವ ಪ್ಲಾಸ್ಟಿಕ್ ರೆಸ್ಟ್. ಪುಟ್ಟ ಕೈಯೊಂದು ಹೊರಗೆ ಚಾಚಿರುತ್ತದೆ, ಅದರ ಮೇಲೆ ಬಾಣ ಕೂರುತ್ತದೆ, ಅಷ್ಟೆ. ಅದರಲ್ಲೇ ಮೇ ತಿಂಗಳಲ್ಲಿ 30 ಮೀಟರಿನಿಂದ, 80 ಸೆಂಟಿಮೀಟರ್ ಗುರಿಹಾಳೆಗೆ, 36 ಬಾಣದಲ್ಲಿ 360ಕ್ಕೆ 268 ತೆಗೆದಿದ್ದಳು. ನನಗೆ ಖುಷಿಯಾಗಿತ್ತು. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವು, ಜೂನಿನಲ್ಲಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಕಪಾಟಿನೊಳಗೆ ಬೆಲ್ಟಿಗೂ ಬೂಸರು ಬರುತ್ತದೆ. ರೆಸ್ಟಿನ ಅಂಟು ಬಿಡಲು ಶುರುವಾಯಿತು. ಒಂದು ದಿನ ನೋಡಿದರೆ ರೆಸ್ಟೇ 2 ಮಿಲಿಮೀಟರ್ ಜಾರಿ ಕೆಳಗೆ ಕೂತಿದೆ. ಆ ಪ್ಲಾಸ್ಟಿಕ್ ಕೈ ಕೂಡ ಸವೆದು ನಡುವೆ ಗುಂಡಿ ಬಿದ್ದಿತ್ತು. ಸರಿ, ಹೊಸದು ಹಾಕೋಣ ಅಂದೆ.

ಇಲ್ಲಿಂದ ಶುರು ನನ್ನ ಬುದ್ಧಿವಂತಿಕೆ.

ರೆಸ್ಟ್ ಯಾವುದು ಒಳ್ಳೆಯದು ಅಂತ ಕೇಳಿದರೆ ಹತ್ತು ಜನ ಹತ್ತು ಹೇಳುತ್ತಾರೆ. ಫೋನಿನಲ್ಲಿ ಸಿಕ್ಕ ಒಬ್ಬ ಅಂಗಡಿಯವರು ಬಾಣ ಬಿಟ್ಟ ಕೂಡಲೇ ಕೆಳಗೆ ಬಿದ್ದುಬಿಡುವ ರೆಸ್ಟ್ ತಗೊಳ್ಳಿ, ಅದಕ್ಕಿಂತ ಚೆನ್ನಾಗಿರುವುದು ಇಲ್ಲ ಅಂದರು. ಅದು ತುದಿಯಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲಿಗೆ, ಕೈಯಲ್ಲಿ ರಿಲೀಸ್ ಯಂತ್ರ ಹಿಡಿದು ಬಿಡುವವರಿಗೆ ಸರಿ. ಬೆರಳಿನಿಂದ ಬಿಡುವ ರಿಕರ್ವಿನಲ್ಲಿ ಬಾಣ ಬಳುಕುವುದು ಅಡ್ಡಕ್ಕೆ, ಅಲ್ಲಿ ಬೇಕಾದದ್ದು ಕೆಳಗೊಂದು ಆಧಾರ, ಬದಿಗೊಂದು ಆಧಾರ. ನೆರೆಮನೆಯ ಆಚಾರ್ರು ಇನ್ನೊಂದು ಕೇಳಿದರು: "ಪಳಶ್ಶಿ ರಾಜನೊಟ್ಟಿಗೆ ಇದ್ದ ವಯನಾಡಿನ ಕುರಿಚ್ಯರಿಗೆ ಯಾವ ರೆಸ್ಟ್ ಇತ್ತು ಮಾರಾಯ್ರೆ?" ಪ್ರಶ್ನೆ ಸರಿಯೇ. ಬರೀ ಬಿದಿರಿನ ಬಿಲ್ಲಿಗೆ ಹಿಡಿದ ಕೈಯೇ ರೆಸ್ಟ್. ಅಲ್ಲಿ ಹಕ್ಕಿಯ ಮೆತ್ತನೆ ಗರಿ, ತಾಗಿದರೂ ಮಡಚಿಕೊಂಡು ಹೋಗುತ್ತದೆ. ಈಗಲೂ ಮರದ ಬಿಲ್ಲಿನ ಅಂಚಿಗೆ ಕೂದಲಿನ ಪಟ್ಟಿಯನ್ನೋ ವೆಲ್ಕ್ರೋವನ್ನೋ ಅಂಟಿಸಿ ಅದರ ಮೇಲಿಂದಲೇ ಬಿಡುವವರು ಇದ್ದಾರೆ, ಅವರೂ ಹಕ್ಕಿ ಗರಿಯನ್ನೇ ಬಳಸುತ್ತಾರೆ. ನಮ್ಮದು ಗಟ್ಟಿ ಪ್ಲಾಸ್ಟಿಕ್. ಅದು ಎಲ್ಲಿಗಾದರೂ ತಾಗಿದರೆ ಮಡಚುವುದಿಲ್ಲ, ಬಾಣವನ್ನೇ ಒದೆಯುತ್ತದೆ.

ಉಳಿದದ್ದು ಎರಡು. ಅದೇ ಪ್ಲಾಸ್ಟಿಕ್ ರೆಸ್ಟ್ ಇನ್ನೊಂದು, ಅಗ್ಗ. ಇಲ್ಲವಾದರೆ ತಂತಿಯ ರೆಸ್ಟ್: ತೆಳು ತಂತಿಯ ಕೈ, ಬಾಣ ತಾಗಿದರೆ ಒಳಗೆ ಮಡಚಿಕೊಳ್ಳುತ್ತದೆ, ಆಮೇಲೆ ಪುಟ್ಟ ಅಯಸ್ಕಾಂತ ಅದನ್ನು ವಾಪಸ್ ಜಾಗಕ್ಕೆ ಎಳೆಯುತ್ತದೆ. ಸ್ಪರ್ಧೆಗಳಲ್ಲಿ ರಿಕರ್ವ್ ಹಿಡಿದವರ ಬಿಲ್ಲಿನಲ್ಲಿ ಜಾಸ್ತಿ ಕಾಣುವುದು ಈ ಜಾತಿಯೇ, ಜೊತೆಗೆ ಬದಿಯಲ್ಲಿ ಪ್ಲಂಜರ್. ಪ್ಲಂಜರ್ ಅಂದರೆ ಸ್ಪ್ರಿಂಗ್ ಇರುವ ಗುಂಡಿ. ಅಮೆರಿಕದ ಬಿಲ್ಲುಗಾರ ವಿಕ್ ಬರ್ಗರ್ ಹೆಸರಿನಲ್ಲಿ ಬರ್ಗರ್ ಬಟನ್ ಅಂತಲೂ ಕರೆಯುತ್ತಾರೆ. ನಾನು ಅಗ್ಗದ ತಂತಿ ರೆಸ್ಟ್ ಒಂದನ್ನು ಆನ್‌ಲೈನಿನಲ್ಲಿ ತರಿಸಿದೆ. ಆಯ್ಕೆ ತಪ್ಪಲ್ಲ, ಈಗಲೂ ಹಾಗೇ ಹೇಳುತ್ತೇನೆ. ಹಾಕಿದ ರೀತಿ ತಪ್ಪು. ಪ್ಲಂಜರ್ ಬಿಚ್ಚಿದೆ, ಹಳೆ ಅಂಟು ಕೆರೆದೆ, ಹೊಸದನ್ನು ಅಂದಾಜಿನಲ್ಲಿ ಅಂಟಿಸಿದೆ, ಪ್ಲಂಜರನ್ನೂ ಅಂದಾಜಿನಲ್ಲಿ ತಿರುಗಿಸಿ ಹಾಕಿದೆ. ಹತ್ತು ನಿಮಿಷದ ಕೆಲಸ. ಅಳತೆ? ಇಲ್ಲ. ಹಳೆಯದು ಎಲ್ಲಿತ್ತು ಅಂತ ಪೆನ್ಸಿಲ್ಲಿನಲ್ಲಿ ಒಂದು ಗೆರೆಯಾದರೂ ಎಳೆದಿಟ್ಟೆನಾ, ಅದೂ ಇಲ್ಲ.

ಮರುದಿನದಿಂದ ಬಾಣ ಎಡಕ್ಕೆ ಹೋಗಲು ಶುರು. ಎಲ್ಲವೂ ಎಡಕ್ಕೆ ಹೋದರೆ ಗುರಿ ನೋಡುವ ಸೈಟ್ ಸರಿಸಿದರಾಯಿತು. ಇಲ್ಲಿ ಹಾಗಲ್ಲ, ನಾಲ್ಕು ಸ್ವಲ್ಪ ಎಡಕ್ಕೆ, ಎರಡು ಪೂರ್ತಿ ಎಡಕ್ಕೆ ಕೆಳಗೆ, ಒಮ್ಮೊಮ್ಮೆ ಫೋಮಿನ ಅಂಚಿಗೆ. 36 ಬಾಣಕ್ಕೆ 231. ಮುಂದಿನ ದಿನ 238. ಒಂದು ಬಾಣ ಬರೆಯ ಕಲ್ಲಿಗೆ ಬಡಿಯಿತು. ಅದನ್ನು ಬಗ್ಗಿಸಿ ಕಿವಿಯ ಹತ್ತಿರ ಹಿಡಿದರೆ ಚಿರ್ ಅನ್ನುವ ಸದ್ದು, ಮುರಿದು ಬಿಸಾಡಿದೆ. ಕಲ್ಲಿಗೆ ಬಡಿದ ಕಾರ್ಬನ್ ಬಾಣವನ್ನು ನೋಡದೆ ಮತ್ತೆ ಹೂಡಬಾರದು, ಬಿಡುವಾಗ ಒಡೆದರೆ ಸಿಬಿರು ಹೋಗುವುದು ಹಿಡಿದ ಕೈಗೆ.

ನಾನು ಮೊದಲು ದೂರಿದ್ದು ಗಾಳಿಯನ್ನು. ಮಧ್ಯಾಹ್ನ ಕಳೆದ ಮೇಲೆ ಕಡಲ ಗಾಳಿ ಬರುತ್ತದೆ, ಅದೇ ಎಳೆಯುತ್ತಿದೆ ಅಂದೆ. ಹುಡುಗಿ ಬಿಲ್ಲು ಕೆಳಗಿಟ್ಟು ನನ್ನನ್ನೇ ನೋಡಿದಳು. "ಮಾವ, ಕಡಲು ಪಡು ಬದಿಗೆ. ನಾನು ನಿಲ್ಲುವುದು ಬಡಗು ಮೋರೆ ಮಾಡಿ. ಗಾಳಿ ನನ್ನ ಎಡದಿಂದ ಬರ್ತದೆ. ಹಾಗಾದರೆ ಬಾಣ ಬಲಕ್ಕೆ ಹೋಗ್ಬೇಕಲ್ವಾ?"

ಉತ್ತರ ಇರಲಿಲ್ಲ. ಹಾಗಾಗಿ ನಾನು ಅವಳ ಕೈಯನ್ನು ದೂರಿದೆ. ರಿಲೀಸ್ ಸರಿ ಇಲ್ಲ, ಬೆರಳು ಕಿತ್ತ ಹಾಗೆ ಬಿಡುತ್ತೀ, ಎಡಕ್ಕೆ ಹೋಗುವುದು ಅದಕ್ಕೇ ಅಂದೆ. ಅವಳ ರಿಲೀಸ್ ಅಂಥ ನುಣುಪೇನಲ್ಲ ಅನ್ನುವುದು ನಿಜ. ಆದರೆ ಮೇ ತಿಂಗಳಲ್ಲೂ ಅದೇ ಕೈ ಇತ್ತು, ಅದೇ ಬೆರಳಿತ್ತು, 268 ಬಂದಿತ್ತು. ನಡುವೆ ಬದಲಾದದ್ದು ಒಂದೇ ವಸ್ತು. ಇಷ್ಟು ಸರಳ ಲೆಕ್ಕ ನನಗೆ ಹೊಳೆಯಲಿಲ್ಲ. ಮೂರು ವಾರ, ಮಳೆ ಹೊಳವಾದಾಗಲೆಲ್ಲ, ಆ ಮಗು ಇಲ್ಲದ ತಪ್ಪನ್ನು ತಿದ್ದಿಕೊಳ್ಳುತ್ತಾ ನಿಂತಿತ್ತು. ಅದರಿಂದ ಇದ್ದ ರಿಲೀಸೂ ಹಾಳಾಯಿತು. ಬಾಣ ಎಡಕ್ಕೆ ಹೋಗುತ್ತದೆ ಅಂತ ಹೆದರಿ ಬಿಡುವ ಹೊತ್ತಿಗೆ ಬಿಲ್ಲಿನ ಕೈಯನ್ನು ಬಲಕ್ಕೆ ತಳ್ಳಲು ಕಲಿತಳು. ಆ ಚಾಳಿ ಬಿಡಿಸಲು ಆಮೇಲೆ ಎಷ್ಟು ಕಷ್ಟವಾಯಿತು ಅಂತ ಕೊನೆಗೆ ಹೇಳುತ್ತೇನೆ.

ದಾರಿ ತೋರಿಸಿದ್ದು ಮಾರ್ಕರ್ ಪೆನ್ನು. ಆಟಿ ತಿಂಗಳ ಒಂದು ಬೆಳಿಗ್ಗೆ, ಗಾಳಿ ಇಲ್ಲ, ಸುಮ್ನೆ ಹೊತ್ತು ಹೋಗಲಿ ಅಂತ ಅವಳೇ ಆರು ಬಾಣಕ್ಕೆ 1ರಿಂದ 6ರವರೆಗೆ ನಂಬರ್ ಬರೆದಳು. ಆಮೇಲೆ ಪ್ರತಿ ಆರು ಬಾಣ ಬಿಟ್ಟ ಮೇಲೆ ಯಾವ ನಂಬರ್ ಎಲ್ಲಿ ಬಿತ್ತು ಅಂತ ಹಳೆ ನೋಟ್‌ಬುಕ್ಕಿನಲ್ಲಿ ವೃತ್ತ ಎಳೆದು ಚುಕ್ಕಿ ಇಟ್ಟಳು. ಹೂಡುವ ಕ್ರಮವನ್ನೂ ಬದಲಿಸುತ್ತಾ ಹೋದಳು, ಒಮ್ಮೆ 1ರಿಂದ, ಒಮ್ಮೆ 6ರಿಂದ, ಯಾಕೆಂದರೆ ಕೊನೆಯ ಬಾಣಕ್ಕೆ ಕೈ ದಣಿದಿರುತ್ತದೆ ಅಂತ ನಾನು ಹೇಳಬಹುದು ಅಂತ ಅವಳಿಗೆ ಗೊತ್ತಿತ್ತು. ಆರು ಸುತ್ತು ಮುಗಿಯುವಾಗ ಪುಟದಲ್ಲಿ ಎದ್ದು ಕಾಣುತ್ತಿತ್ತು. ಪೂರ್ತಿ ಎಡಕ್ಕೆ ಹೋಗುವುದು ಯಾವಾಗಲೂ 3 ಮತ್ತು 5. ಉಳಿದ ನಾಲ್ಕು ಒಟ್ಟಿಗೇ ಬೀಳುತ್ತಿದ್ದವು, ಸ್ವಲ್ಪ ಎಡಕ್ಕೆ, ಆದರೆ ಒಟ್ಟಿಗೆ. ರಿಲೀಸಿನ ತಪ್ಪಾಗಿದ್ದರೆ ಅದಕ್ಕೆ ಬಾಣದ ನಂಬರ್ ಹೇಗೆ ಗೊತ್ತಾಗಬೇಕು?

ಆ ಹೊತ್ತಿಗೆ ನಾನು ಗಾದೆ ಹೇಳುವುದನ್ನು ಬಿಟ್ಟೆ.

ಮುಂದಿನದ್ದು ಅರ್ಥವಾಗಲು ಒಂದು ಸಂಗತಿ ಗೊತ್ತಿರಬೇಕು. ಬೆರಳಿನಿಂದ ಬಿಟ್ಟ ಬಾಣ ಈಟಿಯ ಹಾಗೆ ನೆಟ್ಟಗೆ ಹೋಗುವುದಿಲ್ಲ. ಹೆದೆ ಬೆರಳಿನಿಂದ ಜಾರುವಾಗ ಸ್ವಲ್ಪ ಪಕ್ಕಕ್ಕೆ ಸರಿದು ಜಾರುತ್ತದೆ, ಹಿಂದಿನಿಂದ ಒತ್ತಡ ಬೀಳುತ್ತದೆ, ಬಾಣ ಬಳುಕುತ್ತದೆ. ಗದ್ದೆಯ ನೀರಿನಲ್ಲಿ ಒಳ್ಳೆ ಹಾವು ಹೋಗುವ ಹಾಗೆ ಅತ್ತಿತ್ತ ಬಳುಕುತ್ತಾ ರೈಸರನ್ನು ಸುತ್ತಿಕೊಂಡು ದಾಟುತ್ತದೆ. ಬಳುಕು ಸರಿಯಾಗಿದ್ದರೆ ಬಾಣದ ಬಾಲ ಬರುವ ಹೊತ್ತಿಗೆ ಅದು ರೈಸರಿನಿಂದ ದೂರ ಇರುತ್ತದೆ, ಗರಿ ಯಾವುದಕ್ಕೂ ತಾಗದೆ ಹೊರಟುಹೋಗುತ್ತದೆ. ಅಂದರೆ ಒಳ್ಳೆಯ ರೆಸ್ಟಿನ ಕೆಲಸ ಬಾಣವನ್ನು ಹಿಡಿದುಕೊಳ್ಳುವುದಲ್ಲ. ಎಳೆಯುವವರೆಗೆ ಒಂದೇ ಜಾಗದಲ್ಲಿ ಕೂರಿಸುವುದು, ಬಿಟ್ಟ ಮೇಲೆ ದಾರಿಯಿಂದ ಸರಿದು ನಿಲ್ಲುವುದು. ಹಾಗಾಗಿ ರೆಸ್ಟಿನ ಬಗ್ಗೆ ಕೇಳಬೇಕಾದದ್ದು ಯಾವ ಕಂಪನಿ ಅಂತಲ್ಲ, ಬಾಣ ಎಲ್ಲಿ ತಾಗುತ್ತದೆ ಅಂತ.

ತಾಗುವುದನ್ನು ಕಣ್ಣಿನಿಂದ ನೋಡಲು ಆಗುವುದಿಲ್ಲ, ಅಷ್ಟು ಬೇಗ ಮುಗಿದುಹೋಗುತ್ತದೆ. ಆದರೆ ಪೌಡರಿಗೆ ಕಾಣುತ್ತದೆ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರನ್ನು 1ನೇ ಬಾಣದ ಗರಿಗೆ, ಬಾಣದ ಹಿಂದಿನ ಅರ್ಧಕ್ಕೆ, ರೆಸ್ಟಿಗೆ, ರೈಸರಿನ ಆ ಬದಿಗೆ ತೆಳ್ಳಗೆ ಉದುರಿಸಿದೆವು. ಹತ್ತು ಮೀಟರಿನಿಂದ ಒಂದೇ ಬಾಣ. ಆಮೇಲೆ ಬಿಲ್ಲನ್ನು ಅಲ್ಲಾಡಿಸದೆ ಟಾರ್ಚ್ ಹಾಕಿ ನೋಡಿದರೆ, ತಂತಿಯ ತುದಿಯಲ್ಲಿ ಪೌಡರ್ ಉಜ್ಜಿ ಹೋಗಿದೆ, ಕೆಳಗಿನ ಗರಿಯ ಅಂಚಿನಲ್ಲೂ ಸಣ್ಣ ಗೀಟು. 3ನೇ ಬಾಣಕ್ಕೆ ಅದೇ ಮಾಡಿದಾಗ ಗರಿಯ ಬುಡದಿಂದ ತುದಿಯವರೆಗೆ ಉಜ್ಜಿದ ಗುರುತು, ಪ್ಲಂಜರಿನ ಕೆಳಗೆ ರೈಸರಿನಲ್ಲೂ ಒಂದು ಗೀಟು.

ಈಗ ಹುಡುಕುವುದು ಸುಲಭವಾಯಿತು. ಮೊದಲನೆಯದು, 3 ಮತ್ತು 5ರ ನಾಕ್, ಅಂದರೆ ಹೆದೆಗೆ ಸಿಕ್ಕಿಸುವ ಬಾಲದ ತುದಿ, ತಿರುಗಿ ಕೂತಿತ್ತು. ಏಪ್ರಿಲಿನಲ್ಲಿ ಬಾಣಕ್ಕೆ ಬಾಣ ಬಡಿದು ಅವೆರಡರ ನಾಕ್ ಒಡೆದಿತ್ತು, ಹೊಸದು ಹಾಕಿದ್ದು ನಾನೇ, ಗರಿ ಯಾವ ದಿಕ್ಕಿಗೆ ಬರುತ್ತದೆ ಅಂತ ನೋಡದೆ ಒತ್ತಿದ್ದೆ. ಮೂರು ಗರಿಯಲ್ಲಿ ಬೇರೆ ಬಣ್ಣದ್ದು ರೈಸರಿನಿಂದ ಹೊರಕ್ಕೆ ನೋಡಬೇಕು. ಇವೆರಡರಲ್ಲಿ ಒಂದು ಗರಿ ಸೀದಾ ತಂತಿಯ ಮೇಲೆ ಹಾಯುತ್ತಿತ್ತು. ಹಳೆ ಪ್ಲಾಸ್ಟಿಕ್ ಕೈ ಮೆತ್ತಗಿತ್ತು, ಬಗ್ಗಿಕೊಂಡು ದಾರಿ ಬಿಡುತ್ತಿತ್ತು, ಆಗ ಇದು ಗೊತ್ತಾಗಲಿಲ್ಲ. ಎರಡನೆಯದು, ತಂತಿ ಉದ್ದ. ಮೇಲಿಂದ ನೋಡಿದರೆ ತಂತಿಯ ತುದಿ ಬಾಣದ ಹೊರ ಅಂಚಿನೊಳಗೇ ಮುಗಿಯಬೇಕು, ಇದು 4 ಮಿಲಿಮೀಟರ್ ಆಚೆ ಚಾಚಿತ್ತು. ತೆಳು ಕಾರ್ಬನ್ ಬಾಣಕ್ಕೆ ಅಷ್ಟು ಬೇಕಾಗಿಲ್ಲ. ಇಕ್ಕುಳದಲ್ಲಿ ಕತ್ತರಿಸಿ, ತುದಿಯನ್ನು ಉಗುರು ಉಜ್ಜುವ ಅರದಲ್ಲಿ ನುಣುಪು ಮಾಡಿದೆವು. ಮೂರನೆಯದನ್ನು ಕಂಡದ್ದು ಆಚಾರ್ರು. ತಂತಿಯನ್ನು ಬೆರಳಿನಿಂದ ಒಳಕ್ಕೆ ಒತ್ತಿ ಬಿಟ್ಟು, "ಇದು ವಾಪಸ್ ಬರುವುದಿಲ್ಲವಲ್ಲ" ಅಂದರು. ಹತ್ತು ಸಲ ಒತ್ತಿದರೆ ಎರಡು ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ಕೀಲಿನಲ್ಲಿ ತುಕ್ಕು. ಅದರ ಜೊತೆ ಕೆಂಪು ದೂಳು, ನಮ್ಮ ಮುರಕಲ್ಲಿನದ್ದೇ. ತೆಗೆದು ಒಣಬಟ್ಟೆಯಲ್ಲಿ ಒರೆಸಿದೆವು, ಪ್ಲಂಜರಿನ ಒಳಗಿನ ಗುಂಡಿಯನ್ನೂ ತೆಗೆದು ಒರೆಸಿದೆವು. ಎಣ್ಣೆ ಹಾಕಲಿಲ್ಲ, ಎಣ್ಣೆಗೆ ದೂಳು ಇನ್ನೂ ಜಾಸ್ತಿ ಹಿಡಿಯುತ್ತದೆ.

ಅಂದು ಸಂಜೆ 30 ಮೀಟರಿನಿಂದ 252. ಪೂರ್ತಿ ಎಡಕ್ಕೆ ಹೋಗುವ ಬಾಣ ಇಲ್ಲವಾಯಿತು. ಆದರೂ ಮೇ ತಿಂಗಳ ಲೆಕ್ಕಕ್ಕೆ ಮುಟ್ಟಲಿಲ್ಲ, ಎಲ್ಲವೂ ಇನ್ನೂ ಸ್ವಲ್ಪ ಎಡಕ್ಕೆ, ಬಾಣ ಹೋಗುವಾಗ ಬಾಲ ಕುಣಿಯುವುದು ಹಿಂದಿನಿಂದ ಕಾಣುತ್ತಿತ್ತು.

ಇದಕ್ಕೆ ಗರಿ ಇಲ್ಲದ ಬಾಣ ಬೇಕು. ಬೇರ್ ಶಾಫ್ಟ್ ಅನ್ನುತ್ತಾರೆ. ಗರಿ ಬಾಣದ ತಪ್ಪನ್ನು ದಾರಿಯಲ್ಲಿ ತಿದ್ದುತ್ತದೆ, ಗರಿ ಇಲ್ಲದಿದ್ದರೆ ತಪ್ಪು ಹಾಗೇ ಬಂದು ಟಾರ್ಗೆಟಿಗೆ ಚುಚ್ಚುತ್ತದೆ. 2ನೇ ಬಾಣದ ಗರಿ ಕೆರೆದು ತೆಗೆದೆವು, ಅಷ್ಟೇ ತೂಕದ ಟೇಪನ್ನು ಗರಿಯ ಜಾಗಕ್ಕೆ ಸುತ್ತಿದೆವು. ಮೊದಲು ಹತ್ತು ಮೀಟರಿನಿಂದಲೇ ಬಿಡಿ, ತೀರಾ ಸರಿ ಇಲ್ಲದ ಬಿಲ್ಲಿನಿಂದ ಅದು ಓರೆಯಾಗಿ ಹೋಗಿ ಬಡಿದು ಮುರಿಯುತ್ತದೆ. ಆಮೇಲೆ 18 ಮೀಟರಿಗೆ ಹೋದೆವು. ಗರಿ ಇರುವ ಮೂರು, ಗರಿ ಇಲ್ಲದ್ದು ಒಂದು, ಎಲ್ಲಕ್ಕೂ ಒಂದೇ ಗುರಿ. ಐದು ಸುತ್ತು. ಬೇರ್ ಶಾಫ್ಟ್ ಪ್ರತಿ ಸಲ ಗುಂಪಿನಿಂದ ಒಂದು ಗೇಣು ಮೇಲೆ, ಗೇಣಿಗಿಂತ ತುಸು ಜಾಸ್ತಿ ಎಡಕ್ಕೆ.

ಮೇಲೆ ಹೋದರೆ ನಾಕಿಂಗ್ ಪಾಯಿಂಟ್ ತಗ್ಗಿನಲ್ಲಿದೆ ಅಂತ ಅರ್ಥ, ಅಂದರೆ ಹೆದೆಯ ಮೇಲೆ ಬಾಣದ ಬಾಲ ಕೂರುವ ಜಾಗ. ಕೆಳಗೆ ಹೋದರೆ ಎತ್ತರದಲ್ಲಿದೆ. ಬಲಗೈಯವರಿಗೆ ಎಡಕ್ಕೆ ಹೋದರೆ ಬಾಣ ಗಟ್ಟಿ, ಬಲಕ್ಕೆ ಹೋದರೆ ಮೆತ್ತಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಮೇಲು ಕೆಳಗನ್ನು ಮೊದಲು ನೋಡಬೇಕು, ಎಡ ಬಲ ಆಮೇಲೆ. ನಾನು ಮೊದಲ ದಿನ ಎರಡನ್ನೂ ಒಟ್ಟಿಗೆ ತಿರುಗಿಸಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗದೆ ಒಂದು ಭಾನುವಾರ ಕಳೆದೆ. ಆ ಕಥೆ ಬೇಡ. ಸೋಮವಾರ ಆಚಾರ್ರ ಮೂಲೆಮಟ್ಟ ತಂದು ಹೆದೆಗೆ ಹಿಡಿದು ನೋಡಿದೆ. ರೆಸ್ಟಿನ ಮಟ್ಟದಿಂದ ಹೆದೆಗೆ ಲಂಬವಾಗಿ ಗೆರೆ ಎಳೆದರೆ ಎಲ್ಲಿ ಮುಟ್ಟುತ್ತದೋ ಅದಕ್ಕಿಂತ ಸುಮಾರು 12 ಮಿಲಿಮೀಟರ್, ಅಂದರೆ ಅರ್ಧ ಇಂಚು ಮೇಲಿನಿಂದ ಶುರುಮಾಡುವುದು ರೂಢಿ. ನಮ್ಮದು ಬರೀ 4 ಇತ್ತು. ಕಾರಣ ಗೊತ್ತಾಯಿತಲ್ಲ? ಹೆದೆಯ ಗುರುತು ಹಳೆ ರೆಸ್ಟಿನ ಕಾಲದ್ದು. ಹೊಸ ರೆಸ್ಟನ್ನು ನಾನು ಎತ್ತರಕ್ಕೆ ಅಂಟಿಸಿದ್ದೆ. ಬಾಣದ ಮುಂದಿನ ಭಾಗ ಮೇಲೆದ್ದಿತು, ಬಾಲ ಅಲ್ಲೇ ಉಳಿಯಿತು, ಬಿಟ್ಟ ಕೂಡಲೇ ಬಾಲ ರೆಸ್ಟಿಗೆ ಬಡಿದು ಪುಟಿಯುತ್ತಿತ್ತು.

ಬದಿಯಿಂದ ನೋಡಿದರೆ ಇನ್ನೊಂದು ಕಂಡಿತು. ಪ್ಲಂಜರಿನ ಗುಂಡಿಯ ನಡುವೆ ಬಾಣದ ನಡುಗೆರೆ ಬರಬೇಕು. ಇಲ್ಲಿ ಬಾಣ ಅದಕ್ಕಿಂತ ಮೇಲೆ ಕೂತು, ಪ್ಲಂಜರ್ ಅದರ ಹೊಟ್ಟೆಯ ಕೆಳಭಾಗವನ್ನು ತಿವಿಯುತ್ತಿತ್ತು. ಹಾಗಾಗಿ ನಾಕಿಂಗ್ ಪಾಯಿಂಟ್ ಮುಟ್ಟುವ ಮೊದಲು ರೆಸ್ಟನ್ನೇ ಕಿತ್ತು 2 ಮಿಲಿಮೀಟರ್ ಕೆಳಗೆ ಅಂಟಿಸಬೇಕಾಯಿತು. ಇಲ್ಲಿ ಮಳೆಗಾಲದ ಒಂದು ಪಾಠ ಇದೆ. ಮೊದಲ ಸಲ ಅಂಟಿಸಿದ್ದು ಎರಡು ದಿನಕ್ಕೆ ಕಿತ್ತು ಬಂತು. ಎರಡನೇ ಸಲ ರೈಸರನ್ನು ಸ್ಪಿರಿಟಿನಲ್ಲಿ ಒರೆಸಿ, ಅಟ್ಟದ ಮೇಲೆ ಒಲೆಯ ಬಿಸಿ ತಾಗುವಲ್ಲಿ ಅರ್ಧ ಗಂಟೆ ಇಟ್ಟು, ತೆಳು ಎರಡುಬದಿ ಟೇಪಿನಲ್ಲಿ ಅಂಟಿಸಿ, ಒಂದು ರಾತ್ರಿ ಮುಟ್ಟದೆ ಬಿಟ್ಟೆವು. ನಿಂತಿತು. ಸ್ಪಂಜಿನ ದಪ್ಪ ಟೇಪ್ ಮಾತ್ರ ಬೇಡ, ಅದು ಅದುಮಿಕೊಂಡು ರೆಸ್ಟನ್ನು ಅಲ್ಲಾಡಿಸುತ್ತದೆ.

ಹೆದೆಯ ಹಿತ್ತಾಳೆ ಗುಂಡು ತೆಗೆದು ಹೊಲಿಗೆಯ ಗಟ್ಟಿ ನೂಲು ಸುತ್ತಿದೆವು. ನೂಲಿನಲ್ಲಿ ಅರ್ಧ ಮಿಲಿಮೀಟರ್ ಏರಿಸಲೂ ಆಗುತ್ತದೆ, ಹಿತ್ತಾಳೆಯಲ್ಲಿ ಆ ತಾಳ್ಮೆ ಯಾರಿಗೂ ಇರುವುದಿಲ್ಲ. 8ಕ್ಕೆ ಏರಿಸಿದಾಗ ಬೇರ್ ಶಾಫ್ಟ್ ನಾಲ್ಕು ಬೆರಳು ಮೇಲೆ, 10ಕ್ಕೆ ಒಂದು ಬೆರಳು ಮೇಲೆ, 11ಕ್ಕೆ ಗುಂಪಿನ ಮಟ್ಟಕ್ಕಿಂತ ಒಂದು ಕೂದಲು ಕೆಳಗೆ. ಅಲ್ಲೇ ಬಿಟ್ಟೆವು, ತುಸು ಕೆಳಗಿದ್ದರೆ ತೊಂದರೆ ಇಲ್ಲ. ಬಾಣದ ಬಾಲ ಕುಣಿಯುವುದು ನಿಂತಿತು. ಸದ್ದೂ ಬದಲಾಯಿತು. ಮೊದಲು ಬಿಟ್ಟಾಗ ಟಕ್ ಅಂತ ಒಂದು ಸಣ್ಣ ಸದ್ದು ಕೇಳುತ್ತಿತ್ತು, ಅದು ಲೋಹದ ಬಿಲ್ಲಿನ ಸಹಜ ಸದ್ದು ಅಂತ ನಾನು ಅಂದುಕೊಂಡಿದ್ದೆ.

ಎಡದ ಪಾಲು ಉಳಿಯಿತು. ಬಿಲ್ಲನ್ನು ಎರಡು ಕುರ್ಚಿಯ ನಡುವೆ ಕೂರಿಸಿ, ಹಿಂದಿನಿಂದ ನೋಡುತ್ತಾ ಹೆದೆಯನ್ನು ಲಿಂಬುಗಳ ನಡುಗೆರೆಗೆ ಹೊಂದಿಸಿದರೆ, ಬಾಣದ ಮೊನೆ ಹೆದೆಯ ಗೆರೆಯಿಂದ ಎಡಕ್ಕೆ ಎರಡು ಮೂರು ಮಿಲಿಮೀಟರ್ ಕಾಣಬೇಕು. ನಮ್ಮದು 6. ಅಂದಾಜಿನಲ್ಲಿ ಹಾಕಿದ ಪ್ಲಂಜರಿನ ಫಲ. 2ಕ್ಕೆ ತಂದೆವು. ಗೇಣಿನ ವ್ಯತ್ಯಾಸ ಅರ್ಧಕ್ಕಿಳಿಯಿತು.

ಇನ್ನರ್ಧಕ್ಕೆ ಕಾರಣ ಆ 19 ಮತ್ತು 900. ಸ್ಪೈನ್ ಸಂಖ್ಯೆ ಅಂದರೆ ಬಾಣ ಎಷ್ಟು ಬಗ್ಗುತ್ತದೆ ಅನ್ನುವ ಲೆಕ್ಕ. 28 ಇಂಚು ಅಂತರದ ಎರಡು ಆಧಾರದ ಮೇಲೆ ಬಾಣ ಇಟ್ಟು ನಡುವೆ 880 ಗ್ರಾಂ ತೂಗಿಸಿದರೆ ಎಷ್ಟು ಇಂಚು ಬಗ್ಗುತ್ತದೋ ಅದರ ಸಾವಿರ ಪಟ್ಟು. 900 ಅಂದರೆ 0.9 ಇಂಚು, ಹತ್ತಿರ ಹತ್ತಿರ 23 ಮಿಲಿಮೀಟರ್. ಸಂಖ್ಯೆ ಜಾಸ್ತಿಯಾದಷ್ಟೂ ಬಾಣ ಮೆತ್ತಗೆ. 19 ಪೌಂಡಿನ ಬಿಲ್ಲಿಗೆ 900 ಗಟ್ಟಿಯೇ, ಬಳುಕಬೇಕಾದಷ್ಟು ಬಳುಕುವುದಿಲ್ಲ, ಹಾಗಾಗಿ ಎಡಕ್ಕೆ. ಪ್ಲಂಜರಿನ ಸ್ಪ್ರಿಂಗನ್ನು ಕಾಲು ಸುತ್ತಿನಂತೆ ಸಡಿಲಿಸುತ್ತಾ ಹೋದೆವು, ಒಂದು ಹಂತದ ಆಚೆ ಅದು ಬರೀ ಹೆಸರಿಗೆ ಸ್ಪ್ರಿಂಗ್ ಆಯಿತು, ಅಲ್ಲಿಂದ ಅರ್ಧ ಸುತ್ತು ವಾಪಸ್ ಬಿಗಿದೆವು. ಆಮೇಲೆ 80 ಗ್ರೇನಿನ ಮೊನೆಯ ಬದಲು 100 ಗ್ರೇನ್ ಹಾಕಿದೆವು. ಹೆಚ್ಚಿದ್ದು ಒಂದು ಗ್ರಾಂ ಚಿಲ್ಲರೆ ಅಷ್ಟೆ, ಆದರೆ ಮುಂದೆ ಭಾರವಾದರೆ ಬಾಣ ಮೆತ್ತಗಿನ ಬಾಣದ ಹಾಗೆ ವರ್ತಿಸುತ್ತದೆ. ಬೇರ್ ಶಾಫ್ಟ್ ಗುಂಪಿನ ಎಡಕ್ಕೆ ಮೂರು ಬೆರಳಿನಲ್ಲಿ ಬಂದು ನಿಂತಿತು. ಅದಕ್ಕಿಂತ ಒಳಗೆ ಬರಲಿಲ್ಲ. ಹೊಸ ಬಾಣ ತರಬೇಕಾ ಅಂತ ತಂಗಿ ಕೇಳಿದಳು. ಬೇಡ ಅಂದೆ. ಹುಡುಗಿ ಬೆಳೆಯುತ್ತಿದ್ದಾಳೆ, ಇನ್ನಾರು ತಿಂಗಳಿಗೆ ಭಾರದ ಲಿಂಬ್ ಬರುತ್ತದೆ, ಆಗ ಇದೇ ಬಾಣ ಸರಿಹೊಂದಬಹುದು. ದುಡ್ಡು ಹಾಕುವುದಾದರೆ ಗರಿಗೆ ಹಾಕಿ ಅಂದೆ. ಸುರುಳಿ ಸುತ್ತಿದ ತೆಳು ಮೈಲಾರ್ ಗರಿ, ತಾಗಿದರೂ ಬಾಣಕ್ಕೆ ಅಷ್ಟು ಏಟು ಬೀಳುವುದಿಲ್ಲ.

ಕೊನೆಗೆ ಒಂದು ಲಂಬ ದಾರ ಕಟ್ಟಿ, ತುದಿಗೆ ಕಲ್ಲು ಇಳಿಬಿಟ್ಟು, ಸೈಟ್ ಮುಟ್ಟದೆ 10, 15, 20, 25, 30 ಮೀಟರಿನಿಂದ ಒಂದೇ ಚುಕ್ಕಿಗೆ ಗುರಿ ಇಟ್ಟು ಬಿಡಿಸಿ ನೋಡಿದೆವು. ಬಾಣಗಳು ಒಂದರ ಕೆಳಗೊಂದು ದಾರದ ಪಕ್ಕದಲ್ಲೇ ಇಳಿದವು, ಓರೆ ಇಲ್ಲ, ಬಿಲ್ಲಿನ ಹಾಗೆ ಬಾಗಿಲ್ಲ. ಆ ದಿನದ ಮಟ್ಟಿಗೆ ಸಾಮಾನಿನ ಕೆಲಸ ಮುಗಿಯಿತು.

ಮನುಷ್ಯರ ಕೆಲಸ ಮುಗಿದಿರಲಿಲ್ಲ. ಎಲ್ಲ ಸರಿಯಾದ ಮೇಲೆ ಮೊದಲ ಸ್ಕೋರ್ 255. ನನಗೆ ಕೈಕಾಲು ತಣ್ಣಗಾಯಿತು. ಪುಟ ನೋಡಿದರೆ ಈ ಸಲ ಬಾಣಗಳು ಬಲಕ್ಕೆ ಹರಡಿದ್ದವು, ನಂಬರಿಗೆ ಸಂಬಂಧವೇ ಇಲ್ಲದೆ. ಇದು ಅವಳದ್ದು, ಅಥವಾ ನಾನು ಅವಳಿಗೆ ಕಲಿಸಿದ್ದು: ಬಿಡುವಾಗ ಬಿಲ್ಲನ್ನು ಬಲಕ್ಕೆ ತಳ್ಳುವ ಆ ಚಾಳಿ. ಎರಡು ವಾರ ಹಾಳೆಯನ್ನೇ ತೆಗೆದುಬಿಟ್ಟೆವು. ಐದು ಮೀಟರಿನಿಂದ ಖಾಲಿ ಫೋಮಿಗೆ, ಕಣ್ಣು ಮುಚ್ಚಿ, ದಿನಕ್ಕೆ ನಲವತ್ತು ಬಾಣ. ಬಿಲ್ಲನ್ನು ಬಿಗಿ ಹಿಡಿಯದ ಹಾಗೆ ಬೆರಳಿಗೆ ಶೂ ಲೇಸಿನ ಸ್ಲಿಂಗ್ ಕಟ್ಟಿದೆ, ಬಿಟ್ಟರೂ ಬಿಲ್ಲು ಬೀಳುವುದಿಲ್ಲ ಅಂತ ಕೈಗೆ ನಂಬಿಕೆ ಬರಬೇಕಲ್ಲ. ಮೊದಲ ನಾಲ್ಕು ದಿನ ಅವಳಿಗೆ ಸಿಟ್ಟು. "ನೀವು ಹೇಳಿದ್ದಕ್ಕೇ ಕಲಿತದ್ದು, ಈಗ ನೀವೇ ಬಿಡು ಅಂತೀರಿ" ಅಂದಳು. ಹೌದು ಅಂದೆ, ಮತ್ತೇನು ಹೇಳುವುದು.

ಸೆಪ್ಟೆಂಬರಿನ ಮೂರು ಭಾನುವಾರದ ಲೆಕ್ಕ: 274, 279, 284. ಮೇ ತಿಂಗಳಿಗಿಂತ ಜಾಸ್ತಿ. ಇದರಲ್ಲಿ ರೆಸ್ಟಿನ ಪಾಲೆಷ್ಟು, ತಿರುಗಿದ್ದ ನಾಕಿನ ಪಾಲೆಷ್ಟು, ಆ ಕಣ್ಣುಮುಚ್ಚಿದ ನಲವತ್ತು ಬಾಣದ ಪಾಲೆಷ್ಟು ಅಂತ ಬಿಡಿಸಿ ಹೇಳಲು ನನಗಾಗುವುದಿಲ್ಲ. ರೆಸ್ಟ್ ಬದಲಾಯಿಸಿದ್ದರಿಂದ ಸ್ಕೋರ್ ಏರಿತು ಅಂತ ಯಾರಾದರೂ ಬರೆದರೆ ಮಾತ್ರ ನಂಬಬೇಡಿ, ನಮ್ಮಲ್ಲಿ ಅದೇ ಕೆಲಸದಿಂದ 37 ಅಂಕ ಇಳಿದಿತ್ತು.

ಈಗ ಮತ್ತೆ ಆರಿಸುವುದಾದರೆ? ತಂತಿ ರೆಸ್ಟೇ, ಆದರೆ ಕೀಲಿಗೆ ತುಕ್ಕು ಹಿಡಿಯದ್ದು, ಅದಕ್ಕೆ ಇನ್ನೂರು ಮುನ್ನೂರು ಜಾಸ್ತಿ ಕೊಟ್ಟರೂ ಅಡ್ಡಿಯಿಲ್ಲ. ಈಗಷ್ಟೇ ಶುರುಮಾಡಿದವರಿಗೆ, ಪ್ಲಂಜರ್ ತೂತು ಇಲ್ಲದ ಮರದ ಬಿಲ್ಲಿನವರಿಗೆ ಅಗ್ಗದ ಪ್ಲಾಸ್ಟಿಕ್ಕೇ ಸಾಕು, ಎರಡು ತಂದಿಟ್ಟುಕೊಳ್ಳಿ, ಸವೆದಾಗ ಬದಲಾಯಿಸಿ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗ ಅವಳ ಅಕ್ಷರದಲ್ಲಿ ಅಳತೆಗಳಿವೆ: ಬ್ರೇಸ್ ಹೈಟ್ (ಹಿಡಿಯಿಂದ ಹೆದೆಗಿರುವ ಅಂತರ) 21.5 ಸೆಂಟಿಮೀಟರ್, ನಾಕಿಂಗ್ ಪಾಯಿಂಟ್ 11, ಮೊನೆ ಎಡಕ್ಕೆ 2, ಪ್ಲಂಜರ್ ಪೂರ್ತಿ ಸಡಿಲದಿಂದ ಅರ್ಧ ಸುತ್ತು. ರೈಸರಿನ ಮೇಲೆ ರೆಸ್ಟಿನ ಸುತ್ತ ಬಿಳಿ ಪೆನ್ಸಿಲಿನ ಗೆರೆ. ಅದರ ಕೆಳಗೆ ಸಣ್ಣದಾಗಿ, "ಮಾವ ಮುಟ್ಟುವ ಮೊದಲು ಕೇಳಬೇಕು" ಅಂತ ಬರೆದಿದ್ದಾಳೆ. ಅಡಿಕೆ ಕೊಯ್ಲು ಶುರುವಾಗಿದೆ, ಅಂಗಳ ಇನ್ನು ಅಡಿಕೆಗೆ. ಕೊಟ್ಟಿಗೆಯ ಉದ್ದಕ್ಕೆ 18 ಮೀಟರ್ ಸಿಗುತ್ತದಾ ಅಂತ ನಾಳೆ ಅಳೆದು ನೋಡಬೇಕು.